ಕೋಡಿ ಬಿದ್ದ ಒಳಚರಂಡಿ

ಪ್ರಿಯ ಲೇಖಕರೇ,

ಇಂಗ್ಲೆಂಡಿನ ನೀರಿನ ಕಂಪನಿಗಳು ಪರಿಸರಕ್ಕಾಗಿ ಮುಂದೆ ಎಲ್ಲಿ ಹಣ ಹಾಕಬೇಕು ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಅಚ್ಚು ಹಾಕಲಾಗದು. ಮರಳಿಸಿ ಸುಮ್ಮನಿರಲೂ ಮನಸ್ಸಿಲ್ಲ. ಕಾರಣ, ನಿಮ್ಮ ಏಳನೆಯ ಪುಟ.

ಮಳೆ ನಿಂತ ಮರುದಿನ ಮಗಳನ್ನು ಶಾಲೆಗೆ ಬಿಡಲು ಹೋಗುವಾಗ ಸೇತುವೆಯಿಂದ ಇಣುಕಿದ್ದೀರಿ. ನೀರಿಗೆ ಬಾಗಿದ ಕೊಂಬೆಗಳಲ್ಲಿ ಮಕ್ಕಳನ್ನು ಒರೆಸಿ ಎಸೆದ ವೆಟ್ ವೈಪ್‌ಗಳು ಬೂದು ತೋರಣದಂತೆ ತೂಗುತ್ತಿದ್ದವು. ಅಲ್ಲಿಂದಲೇ ಶುರುಮಾಡಿ. ಮೊದಲ ಆರು ಪುಟಗಳ ಸುಸ್ಥಿರತೆ, ಸಮಗ್ರತೆ, ಸಹಭಾಗಿತ್ವಗಳನ್ನು ಹೊಡೆದುಹಾಕಿ. ಯಾರೂ ಹುಡುಕಿಕೊಂಡು ಬರುವುದಿಲ್ಲ.

‘ಅತಿಪ್ರವಾಹ ವಿಸರ್ಜನಾ ದ್ವಾರ’ ಎಂದು ಬರೆದಿದ್ದೀರಿ. ಕೋಡಿ ಎಂಬ ಪದ ಮರೆತುಹೋಯಿತೇ? ಅಲ್ಲಿನ ಹಳೆಯ ಊರುಗಳಲ್ಲಿ ಮಳೆನೀರೂ ಶೌಚದ ನೀರೂ ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಜೋರು ಮಳೆಗೆ ಅದು ತುಂಬಿ ಮನೆಯೊಳಗೆ ಉಕ್ಕದಿರಲೆಂದು ನದಿಗೆ ದಾರಿ ಬಿಟ್ಟಿದ್ದಾರೆ. ಒಳಚರಂಡಿಯ ಕೋಡಿ ಎಂದರೆ ಮುಗಿಯಿತು. ಕೆರೆ ಕೋಡಿ ಬಿದ್ದರೆ ಬಾಗಿನ ಕೊಡುವ ನಮ್ಮ ಓದುಗರಿಗೆ ಈ ಕೋಡಿಯ ಹೇಸಿಗೆ ತಾನಾಗಿ ತಟ್ಟುತ್ತದೆ.

2023ರಲ್ಲಿ ಹೀಗೆ ಕೊಳಚೆ ಹರಿದದ್ದು 36 ಲಕ್ಷ ಗಂಟೆ ಎಂದು ಬರೆದು ಮುಂದೆ ಓಡಿದ್ದೀರಿ. ವರ್ಷದಲ್ಲಿ ಇರುವುದೇ 8,760 ಗಂಟೆ! 14 ಸಾವಿರಕ್ಕೂ ಹೆಚ್ಚು ಕೋಡಿಗಳ ಒಟ್ಟು ಲೆಕ್ಕವಿದು. ಒಂದೊಂದಕ್ಕೆ ಸರಾಸರಿ ಹತ್ತು ದಿನ. ಹಾಗೆ ಬರೆದರೆ ಕಣ್ಣಿಗೆ ಕಟ್ಟುತ್ತದೆ.

ಇನ್ನು ನಿಮ್ಮ ಹನ್ನೊಂದು ಆದ್ಯತೆಗಳು. ಆದ್ಯ ಎಂದರೆ ಮೊದಲನೆಯದು. ಹನ್ನೊಂದೂ ಮೊದಲು ಬರುವುದು ಹೇಗೆ? ಈ ಕಂಪನಿಗಳ ಯೋಜನೆ ಐದು ವರ್ಷಕ್ಕೊಮ್ಮೆ ತಯಾರಾಗುತ್ತದೆ. 2025ರಿಂದ 2030ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಂಪನಿಗಳಿಗೆ ನಿಯಂತ್ರಕ ಸಂಸ್ಥೆ ಆಫ್‌ವಾಟ್ ಒಪ್ಪಿರುವುದು 10,400 ಕೋಟಿ ಪೌಂಡ್. ಕೊನೆಗೆ ಅದನ್ನು ತೆರುವುದು ನಿಮ್ಮಂಥವರ ಮನೆಯ ಬಿಲ್ಲು. ಒಂದಕ್ಕೆ ಕೊಟ್ಟರೆ ಇನ್ನೊಂದು ಕಾಯಬೇಕು. ಕೋಡಿ ತಡೆಯಲು ನೆಲದಡಿ ಕಾಂಕ್ರೀಟ್ ತೊಟ್ಟಿ ಕಟ್ಟುವುದೋ, ರಸ್ತೆ ಮತ್ತು ಚಾವಣಿಯ ಮಳೆನೀರು ಚರಂಡಿ ಸೇರದೆ ಮಣ್ಣಿಗೆ ಇಂಗುವಂತೆ ಮಾಡುವುದೋ? ತೊಟ್ಟಿಯನ್ನು ಅಳೆದು ತೋರಿಸಬಹುದು. ಇಂಗಿಸಲು ಪಾಲಿಕೆಯೂ ಮನೆಯವರೂ ಕೈಜೋಡಿಸಬೇಕು. ನೀವು ಎರಡನ್ನೂ ‘ಅತ್ಯಗತ್ಯ’ ಎಂದು ಜಾರಿಕೊಂಡಿದ್ದೀರಿ. ನನ್ನ ಒಲವು ಇಂಗಿಸುವ ಕಡೆಗೆ. ನೀವು ಒಪ್ಪಬೇಕಿಲ್ಲ, ಆದರೆ ಒಂದು ಪಕ್ಷ ಹಿಡಿಯಿರಿ.

ಸೀಮೆಸುಣ್ಣದ ಕಲ್ಲಿನ ಒರತೆಯಲ್ಲಿ ಹುಟ್ಟುವ ತೊರೆಗಳಿಗೆ ಒಂದೇ ವಾಕ್ಯ ಕೊಟ್ಟಿದ್ದೀರಿ, ಜಿಪುಣರಂತೆ. ಜಗತ್ತಿನ ಇಂಥ ತೊರೆಗಳಲ್ಲಿ ಬಹುಪಾಲು ಇಂಗ್ಲೆಂಡಿನಲ್ಲೇ ಇವೆ. ನಲ್ಲಿಗಾಗಿ ಅಂತರ್ಜಲ ಎತ್ತಿದಷ್ಟೂ ಅವು ಸೊರಗುತ್ತವೆ. ಕೋಲಾರದ ಓದುಗನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎತ್ತಿದ ನೀರಿನಲ್ಲಿ ಸುಮಾರು ಐದನೇ ಒಂದು ಪಾಲು ಕೊಳವೆಯಲ್ಲೇ ಸೋರಿಹೋಗುತ್ತದೆ ಎಂಬ ಮಾತು ನಿಮ್ಮ ಅಡಿಟಿಪ್ಪಣಿಯಲ್ಲಿ ಅಡಗಿ ಕೂತಿದೆ. ಮೇಲಕ್ಕೆ ತನ್ನಿ.

ವೃಷಭಾವತಿಯ ಹೋಲಿಕೆ ಬೇಡ. ಬೆಂಗಳೂರಿನ ಜಲಮಂಡಳಿ ಸರ್ಕಾರದ್ದು. ಅಲ್ಲಿನವು 1989ರಲ್ಲಿ ಖಾಸಗಿಯಾದ, ಷೇರುದಾರರಿಗೆ ಲಾಭಾಂಶ ಹಂಚುವ ಕಂಪನಿಗಳು. ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ಇನ್ನೊಂದು ಲೇಖನವೇ ಬೇಕು.

1,200 ಪದಗಳಿಗೆ ಇಳಿಸಿ ಕಳುಹಿಸಿ. ಆ ತೋರಣದ ಫೋಟೊ ತೆಗೆದಿದ್ದರೆ ಅದೂ ಜೊತೆಗಿರಲಿ.

ನಿಮ್ಮ,
ಸಂಪಾದಕ