ಹಳೆಯ ನೋವಿಗೆ ಆನ್‌ಲೈನ್ ಪ್ರೋಗ್ರಾಂ ಸಾಕಾಗುತ್ತಾ?

ನೀವು ಕೇಳಿದ್ದು ಇಷ್ಟು: ಚಿಕ್ಕಂದಿನಲ್ಲಿ ಮನೆಯಲ್ಲಿ ಕಂಡ ಹೊಡೆದಾಟ ಈಗಲೂ ಮನಸ್ಸಿನಿಂದ ಹೋಗಿಲ್ಲ, ಯಾರಾದರೂ ಜೋರಾಗಿ ಬಾಗಿಲು ಹಾಕಿದರೆ ಕೈಕಾಲು ನಡುಗುತ್ತೆ, ಶಹಾಪುರದಲ್ಲಿ ಯಾರ ಹತ್ತಿರ ಹೋಗಬೇಕೋ ಗೊತ್ತಿಲ್ಲ, '21 ದಿನದಲ್ಲಿ ಹಳೆ ನೋವಿನಿಂದ ಮುಕ್ತಿ' ಅನ್ನುವ ಪ್ರೋಗ್ರಾಂಗೆ ದುಡ್ಡು ಕಟ್ಟಲಾ ಅಂತ.

ಕಟ್ಟಬೇಡಿ. ಆನ್‌ಲೈನ್ ಅಂದರೆ ಎಲ್ಲಾ ಮೋಸ ಅಂತಲ್ಲ, ನನಗೇ ಒಂದಷ್ಟು ಉಪಯೋಗ ಆಗಿದೆ. ಆದರೆ ದಿನ ಎಣಿಸಿ ಗ್ಯಾರಂಟಿ ಕೊಡುವವರನ್ನು ನಾನು ನಂಬಲ್ಲ.

ನಮ್ಮೂರು ಕಲಬುರಗಿ ಜಿಲ್ಲೆಯ ಭೀಮಾ ದಂಡೆಯಲ್ಲಿದೆ. 2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದಲ್ಲಿ ಮಳೆ ಜಾಸ್ತಿಯಾಗಿ ಉಜನಿ ಡ್ಯಾಂನಿಂದ ನೀರು ಬಿಟ್ಟಾಗ ರಾತ್ರೋರಾತ್ರಿ ಮನೆ ಬಿಟ್ಟು ಓಡಿದೆವು. ನಾವು ಉಳಿದೆವು, ದನ ಉಳಿಯಲಿಲ್ಲ. ಆಮೇಲೆ ಕಲಬುರಗಿಗೆ ಬಂದು ಬಾಡಿಗೆ ಮನೆ ಹಿಡಿದರೂ ಮಳೆ ಶುರುವಾದರೆ ಸಾಕು, ನಿದ್ದೆ ಇಲ್ಲ, ಎದ್ದೆದ್ದು ಹೋಗಿ ಹೊಸ್ತಿಲ ಹತ್ತಿರ ನೆಲ ಮುಟ್ಟಿ ನೋಡೋದು. ಅವ್ವ ಶರಣಬಸವೇಶ್ವರ ಗುಡಿಗೂ ಕರಕೊಂಡು ಹೋದರು, ಬಂದೇ ನವಾಜ್ ದರ್ಗಾಕ್ಕೂ ಕರಕೊಂಡು ಹೋದರು. (ಅದರಿಂದ ಅವ್ವನಿಗಂತೂ ನೆಮ್ಮದಿ ಆಯಿತು.)

ಆಗ ಮೊಬೈಲ್‌ನಲ್ಲಿ ಸಿಕ್ಕ ಮೊದಲ ಪ್ರೋಗ್ರಾಂ ಹಾಕಿದೆ. ಕಣ್ಣು ಮುಚ್ಚಿ, ಆರಾಮಾಗಿ ಉಸಿರಾಡಿ ಅಂದರು, ಹಿಂದೆ ಏನು ಸದ್ದು ಗೊತ್ತಾ? ಮಳೆ ಸುರಿಯುವ ಸದ್ದು! ಬೇರೆಯವರಿಗೆ ಅದು ಜೋಗುಳ, ನನಗೆ ಎದೆ ಹೊಡಕೊಳ್ಳೋಕೆ ಶುರುವಾಯಿತು. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಯುವ ಈ ಪ್ರೋಗ್ರಾಂಗಳ ತೊಂದರೆಯೇ ಇದು. ನಿಮಗೆ ಯಾವ ಸದ್ದು, ಯಾವ ಮಾತು ಆಗಿಬರಲ್ಲ ಅಂತ ಅವು ಕೇಳೋದೇ ಇಲ್ಲ.

ನನಗೆ ಕೆಲಸಕ್ಕೆ ಬಂದದ್ದು ಅಮೆರಿಕದ ಮಾಜಿ ಸೈನಿಕರ ಇಲಾಖೆ 2011ರಲ್ಲಿ ಬಿಟ್ಟ ಪಿಟಿಎಸ್‌ಡಿ ಕೋಚ್ (ಪಿಟಿಎಸ್‌ಡಿ ಅಂದರೆ ಭಯಾನಕ ಘಟನೆ ಮುಗಿದ ಮೇಲೂ ಬಿಡದೆ ಕಾಡುವ ಮಾನಸಿಕ ತೊಂದರೆ) ಅನ್ನುವ ಆ್ಯಪ್. ಪುಕ್ಕಟೆ. ಇಂಗ್ಲಿಷಿನಲ್ಲಿದೆ, ತಮ್ಮನಿಗೆ ಓದಿ ಹೇಳು ಅಂದೆ. ಅದರಲ್ಲಿ ಹಳೆಯದನ್ನು ಕೆದಕೋದಕ್ಕಿಂತ ಗಾಬರಿ ಬಂದ ಆ ಹೊತ್ತು ಏನು ಮಾಡಬೇಕು ಅನ್ನೋದೇ ಜಾಸ್ತಿ. ಉಸಿರು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡೋದು, ಸುತ್ತ ಕಾಣುವ ವಸ್ತುಗಳ ಹೆಸರು ಒಂದೊಂದಾಗಿ ಬಾಯಿಬಿಟ್ಟು ಹೇಳೋದು. ನಾನು ಮಾಳಿಗೆ ಮೇಲೆ ಹೋಗಿ ಹೇಳುತ್ತಿದ್ದೆ: ನೀರಿನ ಟ್ಯಾಂಕ್, ಒಣಗಲು ಹಾಕಿದ ಹಪ್ಪಳ, ಪಕ್ಕದ ಮನೆ ಡಿಶ್. ಹುಚ್ಚು ಅನಿಸುತ್ತೆ, ಆದರೆ ಮೈಗೆ ಇದು ಆ ರಾತ್ರಿ ಅಲ್ಲ, ಇವತ್ತು ಅಂತ ತಿಳಿಯುತ್ತೆ. ಬಾಗಿಲ ಸದ್ದಿಗೆ ನಡುಗುವ ನಿಮಗೂ ಇದನ್ನೇ ಮೊದಲು ಹೇಳುತ್ತೇನೆ.

ಆದರೆ ಆ ಘಟನೆಯನ್ನೇ ಪೂರ್ತಿ ನೆನೆದು ಬರೆಯೋದು, ಹೇಳೋದು ಇದೆಯಲ್ಲ, ಅದನ್ನು ಒಬ್ಬರೇ ಮೊಬೈಲ್ ಹಿಡಿದು ಮಾಡಬೇಡಿ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡುವ ಇಂಗ್ಲೆಂಡಿನ ನೈಸ್ ಅನ್ನುವ ಸಂಸ್ಥೆ 2018ರಲ್ಲಿ ಕೊಟ್ಟ ಸಲಹೆಯಲ್ಲಿ ಕಂಪ್ಯೂಟರ್ ಮೂಲಕ ಕೊಡುವ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ) ಚಿಕಿತ್ಸೆಗೂ ಜಾಗ ಇದೆ, ಆದರೆ ಮಾರ್ಗದರ್ಶನ ಮಾಡುವ ಒಬ್ಬ ತಜ್ಞರು ಜೊತೆಗಿರಬೇಕು, ತೊಂದರೆ ತೀವ್ರವಾಗಿದ್ದರೆ, ಜೀವಕ್ಕೆ ಅಪಾಯ ಇದ್ದರೆ ಅದು ಬೇಡ ಅಂತಲೇ ಹೇಳಿದ್ದಾರೆ. ನಿಮಗೆ ಜಾಹೀರಾತು ಕಳಿಸಿದವರನ್ನು ಕೇಳಿ ನೋಡಿ: ನಡುವೆ ನನಗೆ ಕಷ್ಟ ಆದರೆ ಯಾರು ಮಾತಾಡ್ತಾರೆ, ಅವರು ಏನು ಓದಿದ್ದಾರೆ? ವಾಟ್ಸಾಪ್ ಗ್ರೂಪ್ ಇದೆ ಮೇಡಂ ಅಂದರೆ ಬಿಟ್ಟುಬಿಡಿ. ಮೊದಲ ದಿನವೇ ಬಾಲ್ಯದ ಕೆಟ್ಟ ನೆನಪು ಬರೆಯಿರಿ ಅಂದರಂತೂ ಬಿಟ್ಟೇಬಿಡಿ.

ಹಾಗಾದರೆ ಯಾರ ಹತ್ತಿರ? ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ಮನಸ್ಸಿನ ತೊಂದರೆ ಇರುವವರಿಗೆ ಸರ್ಕಾರ ನಡೆಸುವ ಸಹಾಯವಾಣಿ ಅದು, 2022ರ ಅಕ್ಟೋಬರ್ 10ಕ್ಕೆ ಶುರುವಾಯಿತು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ನಾನು ಫೋನ್ ಮಾಡಿದಾಗ ಸುಮ್ನೆ ಕೇಳಿಸಿಕೊಂಡರು, ಆಮೇಲೆ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ ಅಂದರು. ನಿಮಗೆ ಯಾದಗಿರಿ ಹತ್ತಿರ. ಮನೆಯಲ್ಲಿ ಕೇಳಿದರೆ ತಲೆನೋವಿಗೆ ತೋರಿಸಿಕೊಂಡು ಬರ್ತೀನಿ ಅನ್ನಿ, ಎಲ್ಲರಿಗೂ ಎಲ್ಲಾ ಹೇಳಲೇಬೇಕು ಅಂತೇನಿಲ್ಲ. ಸಾಯೋಣ ಅನ್ನುವ ಯೋಚನೆ ಬರುತ್ತಿದ್ದರೆ ಮಾತ್ರ ನಾಳೆಗೆ ಇಡಬೇಡಿ, ಈಗಲೇ ಆ ನಂಬರಿಗೆ ಮಾಡಿ.

ಇನ್ನೊಂದು. ನಿಮ್ಮ ಫೋನ್ ಮನೆಯವರ ಕೈಗೂ ಹೋಗುತ್ತೆ ಅಂದರೆ ಆ್ಯಪ್‌ನಲ್ಲಿ ಏನನ್ನೂ ಬರೆದಿಡಬೇಡಿ, ಉಸಿರಾಟದ ಭಾಗ ಮಾತ್ರ ಬಳಸಿ.