ತಾರಸಿ ತುಂಬ ಒಂದು ಅಡಿ ಮಣ್ಣು ಹಾಕಿ ಮರ ಬೆಳೆಸಬಹುದಾ? ಮನೆಗೆ ಏನಾದ್ರೂ ತೊಂದರೆ ಆಗುತ್ತಾ?

ಮರ ಬೆಳೆಸಬಹುದು. ಆದರೆ ನೀವು ಬರೆದ ಹಾಗೆ ಇಡೀ ತಾರಸಿಗೆ ಒಂದು ಅಡಿ ಮಣ್ಣು ಹರಡುವುದು ಮಾತ್ರ ಬೇಡ, ದಯವಿಟ್ಟು.

ಮೊದಲು ಭಾರದ ಲೆಕ್ಕ ನೋಡಿ. ಮಳೆಯಲ್ಲಿ ನೆನೆದ ಮಣ್ಣು ಒಂದು ಘನ ಮೀಟರಿಗೆ ಹೆಚ್ಚುಕಡಿಮೆ 1,700 ಕೆಜಿ ತೂಗುತ್ತದೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಒಂದು ಅಡಿ ದಪ್ಪ ಹರಡಿದರೆ ಪ್ರತಿ ಚದರ ಮೀಟರಿಗೆ 500 ಕೆಜಿ ದಾಟುತ್ತದೆ. ಮನೆಯ ತಾರಸಿಯನ್ನು ಸಾಮಾನ್ಯವಾಗಿ 150ರಿಂದ 200 ಕೆಜಿ ಲೆಕ್ಕದಲ್ಲಿ ಕಟ್ಟಿರುತ್ತಾರೆ, ಜನ ಓಡಾಡಲಿ, ಬಟ್ಟೆ ಒಣಹಾಕಲಿ ಅಂತ. ಜಪಾನಿನ ಫುಕುವೋಕಾದಲ್ಲಿ 1995ರಲ್ಲಿ ಮುಗಿದ ಆಕ್ರೋಸ್ ಕಟ್ಟಡದ ಫೋಟೋ ನೀವೂ ನೋಡಿರಬಹುದು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಮಾಳಿಗೆಗಳ ಮೇಲೆ ಗುಡ್ಡದ ಹಾಗೆ ಹಸಿರು. ಅದನ್ನು ನಕ್ಷೆ ಹಾಕುವಾಗಲೇ ಆ ಭಾರ ಹೊರಲಿಕ್ಕೆಂದು ಕಟ್ಟಿದ್ದು. ನಮ್ಮದು ಹಾಗಲ್ಲ, ಅಲ್ವಾ? ಒಬ್ಬ ಸ್ಟ್ರಕ್ಚರಲ್ ಇಂಜಿನಿಯರಿಗೆ ತೋರಿಸಿ, ಆಮೇಲೆ ಗಿಡ ತನ್ನಿ.

ನಾನು ಮಾಡಿದ್ದು ಇಷ್ಟು. 200 ಲೀಟರಿನ ಡ್ರಮ್ಮನ್ನು ಅರ್ಧಕ್ಕೆ ಕತ್ತರಿಸಿ, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ, ಸ್ವಲ್ಪವೇ ಮಣ್ಣು ಕಲಸಿ ತುಂಬಿದೆ. ಭಾರದ ಕುಂಡಗಳೆಲ್ಲ ಪಿಲ್ಲರ್ ಮತ್ತು ಬೀಮ್ ಇರುವ ಅಂಚಿನಲ್ಲಿ, ನಡುವೆ ಸೊಪ್ಪು ತರಕಾರಿಯ ಹಗುರ ಚೀಲಗಳು ಮಾತ್ರ. ಕಸಿ ಕಟ್ಟಿದ ನಿಂಬೆ, ದಾಳಿಂಬೆ, ಸೀಬೆ ಇದರಲ್ಲಿ ಚೆನ್ನಾಗಿಯೇ ಬರುತ್ತವೆ. ವರ್ಷಕ್ಕೊಮ್ಮೆ ಸವರಿ, ಆಳೆತ್ತರ ದಾಟಲು ಬಿಡಬೇಡಿ. ಮೇಲೆ ಗಾಳಿ ಜೋರು, ಎತ್ತರದ ಗಿಡ ಕುಂಡದ ಸಮೇತ ಉರುಳುತ್ತದೆ.

ನಿಜವಾಗಿ ಕಾಡುವುದು ನೀರು ಮತ್ತು ಬೇರು. ಮೊದಲ ನಿಂಬೆ ಡ್ರಮ್ಮನ್ನು ನಾನು ತಾರಸಿಯ ನೆಲದ ಮೇಲೇ ಇಟ್ಟಿದ್ದೆ. ಮೂರನೇ ವರ್ಷ ಸರಿಸಲು ಹೋದರೆ ಅಲುಗಲೇ ಇಲ್ಲ. ಬಗ್ಗಿ ನೋಡಿದರೆ ತಳದ ತೂತಿನಿಂದ ದಾರದಷ್ಟು ಸಣ್ಣ ಬೇರುಗಳು ಹೊರಬಂದು, ಗಾರೆಯ ಬಿರುಕು ಹಿಡಿದು ಗೇಣುದ್ದ ಹರಿದಿದ್ದವು. ಸರಿಯಾಗಿ ಅದರ ಕೆಳಗೆ, ಕೋಣೆಯ ಸೀಲಿಂಗಿನಲ್ಲಿ ಅಂಗೈಯಗಲ ತೇವದ ಕಲೆ. ಎಲ್ಲಾ ಕುಂಡ ಇಳಿಸಿ, ವಾಟರ್‌ಪ್ರೂಫಿಂಗ್ ಮಾಡಿಸಿ, ಎರಡು ದಿನ ನೀರು ಕಟ್ಟಿ ನಿಲ್ಲಿಸಿ ಸೋರುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಮತ್ತೆ ಏರಿಸಿದೆ. ಈಗ ಪ್ರತಿ ಕುಂಡವೂ ಸ್ಟ್ಯಾಂಡಿನ ಮೇಲಿದೆ, ಅಡಿಯಲ್ಲಿ ಪೊರಕೆ ಆಡುವಷ್ಟು ಜಾಗ ಇದೆ. ಮಳೆಗಾಲದಲ್ಲಿ ನೀರು ಹೋಗುವ ಪೈಪಿನ ಬಾಯಿಗೆ ತರಗೆಲೆ ಕಟ್ಟಿಕೊಳ್ಳುತ್ತದೆ, ಅದನ್ನು ದಿನಾ ನೋಡಬೇಕು, ಇಲ್ಲಾಂದ್ರೆ ಇಡೀ ತಾರಸಿ ಕೆರೆ ಆಗುತ್ತದೆ.

ಇನ್ನೊಂದು ಮಾತು. ಹಕ್ಕಿಗಳು ಆಲ, ಅರಳಿ, ಅತ್ತಿಯ ಬೀಜ ತಂದು ಹಾಕುತ್ತವೆ. ಪ್ಯಾರಾಪೆಟ್ ಸಂದಿಯಲ್ಲಿ ಎರಡೆಲೆ ಕಂಡ ದಿನವೇ ಕಿತ್ತುಬಿಡಿ. ಗೋಡೆಯೊಳಗೆ ಬೇರು ಇಳಿದ ಮೇಲೆ ತೆಗೆಯುವುದು ಬಹಳ ಕಷ್ಟ.

ನಿಮ್ಮ ಮನೆ ಎಷ್ಟು ಹಳೆಯದು, ಪಿಲ್ಲರ್ ಮೇಲೆ ನಿಂತಿದೆಯಾ, ಬರೀ ಗೋಡೆ ಮೇಲಾ ಅಂತ ಬರೆಯಿರಿ. ಯಾವ ಗಿಡದಿಂದ ಶುರು ಮಾಡಬಹುದು ಅಂತ ಹೇಳುತ್ತೇನೆ.