ಹೆಬ್ಬೆಟ್ಟು ಹೊಂದದಿದ್ದರೆ ಅಕ್ಕಿ ಇಲ್ಲವೇ?

ಪ್ರಶ್ನೆ: ಖಣ ನೇಯುವ ಮನೆಯಲ್ಲಿ ನಲವತ್ತು ವರ್ಷ ನೂಲು ಸುತ್ತಿದ ನಮ್ಮ ಅವ್ವನ ಬೆರಳುಗಳ ಗೆರೆ ಸವೆದುಹೋಗಿವೆ. ನ್ಯಾಯಬೆಲೆ ಅಂಗಡಿಯ ಯಂತ್ರ ಎರಡು ತಿಂಗಳಿಂದ ಆಕೆಯ ಹೆಬ್ಬೆಟ್ಟನ್ನು ಒಪ್ಪುತ್ತಿಲ್ಲ. ಚೀಲ ಹಿಡಿದು ಹೋದವರು ಬರಿಗೈಯಲ್ಲಿ ಮರಳುತ್ತಾರೆ. ಇದು ನ್ಯಾಯವೇ?
– ಓದುಗರೊಬ್ಬರು, ಗುಳೇದಗುಡ್ಡ

ಉತ್ತರ: ಖಂಡಿತ ಅಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಪಡಿತರವು ನಿಮ್ಮ ತಾಯಿಯವರ ಹಕ್ಕು. ಯಂತ್ರವು ಹಕ್ಕುದಾರರನ್ನು ಗುರುತಿಸುವ ಸಾಧನವೇ ಹೊರತು ಹಕ್ಕನ್ನು ಕೊಡುವ ಅಥವಾ ಕಸಿಯುವ ಅಧಿಕಾರಿಯಲ್ಲ. ಬೆರಳಚ್ಚು ಹೊಂದಲಿಲ್ಲವೆಂದು ಪಡಿತರ ನಿರಾಕರಿಸಬಾರದೆಂದು ಕೇಂದ್ರ ಆಹಾರ ಇಲಾಖೆಯೇ 2017ರ ಅಕ್ಟೋಬರ್‌ನಲ್ಲಿ ರಾಜ್ಯಗಳಿಗೆ ಸೂಚಿಸಿದೆ. ದೃಢೀಕರಣ ವಿಫಲವಾದ ಮಾತ್ರಕ್ಕೆ ಅರ್ಹರು ಸೌಲಭ್ಯದಿಂದ ವಂಚಿತರಾಗಬಾರದೆಂಬುದನ್ನು 2018ರ ಆಧಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. (ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಅದೂ ಎಂಬತ್ತು ದಾಟಿದ ವಯಸ್ಸಿನಲ್ಲಿ, ಎಂಬುದನ್ನು ನಾನು ಗೌರವದಿಂದ ನೆನೆಯುತ್ತೇನೆ.)

ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿಯಿಂದ ಪಡಿತರ ನೀಡಲು ಮೊದಲು ಕೇಳಿರಿ. ಪಡಿತರ ಚೀಟಿಯಲ್ಲಿ ಹೆಸರಿರುವ ಮನೆಯ ಬೇರೊಬ್ಬ ಸದಸ್ಯರೂ ಹೆಬ್ಬೆಟ್ಟು ಕೊಡಬಹುದು. ಅದೂ ಆಗದಿದ್ದರೆ, ಅಂಗಡಿಗೆ ಹೋದ ದಿನಾಂಕಗಳನ್ನು ಬರೆದು ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಗೆ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಮೊಹರನ್ನು ತಪ್ಪದೆ ಹಾಕಿಸಿಕೊಳ್ಳಿರಿ. ಬಾಯಿಮಾತಿನ ದೂರಿಗೆ ಕಚೇರಿಯಲ್ಲಿ ದಾಖಲೆ ಉಳಿಯುವುದಿಲ್ಲ. ಅಲ್ಲಿಯೂ ಪರಿಹಾರ ಸಿಗದಿದ್ದರೆ ಅದೇ ಕಾಯ್ದೆಯಡಿ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗೆ ದೂರು ಸಲ್ಲಿಸಬಹುದು; ತಪ್ಪಿಹೋದ ಎರಡು ತಿಂಗಳ ಧಾನ್ಯವನ್ನೂ ಅದರಲ್ಲಿ ನಮೂದಿಸಿರಿ.